ಒಡೆದ ಕಾಯಾ

ಅಕ್ಕಾ,

ಇಪೋ ಊರಿಗೆ ಸೊಸೆಯಾಗಿ ಬಂದಮೇಲೆ ಕೂತು ಬರೆಯುತ್ತಿರುವುದು ಇದೇ ಮೊದಲು. ಅತ್ತೆ ತೀರಿಕೊಂಡಾಗಿನಿಂದ ನಮ್ಮ ಕಾಫಿ ಅಂಗಡಿಗೆ ಕಾಯಾ, ಅದೇ ಟೋಸ್ಟಿಗೆ ಸವರುವ ಜಾಮ್, ಮಾಡುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕೈಬಿಡದೆ, ಒಂದೇ ದಿಕ್ಕಿಗೆ ತಿರುವಬೇಕು. ಗಿರಾಕಿಗಳೆಲ್ಲ ನುಣ್ಣಗಿದೆ ಎಂದು ಹೊಗಳುತ್ತಾರೆ. ಮಾವ ಮಾತ್ರ ದಿನವೂ ಟೋಸ್ಟನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಇವತ್ತು ತಿರುವುತ್ತಲೇ ತೂಕಡಿಸಿಬಿಟ್ಟೆ. ಕಾಯಾ ಒಡೆದು ಗಂಟುಗಂಟಾಯಿತು. ಬೇರೆ ಮಾಡಲು ಹೊತ್ತಿರಲಿಲ್ಲ. ಅದನ್ನೇ ಬೆಣ್ಣೆಯ ಜೊತೆ ಟೋಸ್ಟಿಗೆ ಸವರಿ ಎಲ್ಲರಿಗೂ ಕೊಟ್ಟೆ. "ಏನಮ್ಮಾ, ಇವತ್ತು ಮೊಟ್ಟೆ ಪಲ್ಯಾನಾ?" ಎಂದು ಮಾವನ ಪಕ್ಕದ ಮೇಜಿನ ಫೂ ಅಜ್ಜ ಕಿಚಾಯಿಸಿದರು. ಮಾವ ಪೂರ್ತಿ ತಿಂದು ತಟ್ಟೆ ಚಾಚಿದರು. "ಇನ್ನೊಂದು ಕೊಡಮ್ಮ. ಕೊನೆಕೊನೆಗೆ ನಿಮ್ಮತ್ತೆ ಮಾಡಿದ್ದೂ ಹೀಗೇ ಒಡೀತಿತ್ತು. ಕೈಯಲ್ಲಿ ಕಸುವಿರ್ಲಿಲ್ಲ, ಪಾಪ."

ತಿರುವಿ ತಿರುವಿ ಭುಜ ಊದಿದೆ, ತಿಕ್ಕಿಕೊಳ್ಳಲು ಪೆನಾಂಗಿನ ಜಾಯಿಕಾಯಿ ಎಣ್ಣೆ ಕಳಿಸು. ನಾಳೆಯಿಂದ ಎರಡು ಪಾತ್ರೆ ತಿರುವಬೇಕು: ಅಂಗಡಿಗೆ ನುಣ್ಣಗಿನದು, ಮಾವನಿಗೆ ಒಡೆದದ್ದು.

ನಿನ್ನ ತಂಗಿ,
ಮೇ ಫಾಂಗ್