ಮೇಷ್ಟ್ರು ಅಳೆದ ಮನೆ

ಜೂನ್ 3, ಸೋಮವಾರ

ಆರು ಯೂನಿಫಾರ್ಮ್ ಪ್ಯಾಂಟ್. ಗುಂಡಿ, ಕಾಜ ಬಾಕಿ. ಹೊಲಿಗೆ ಮಷಿನ್ನಿನ ಬಾಬಿನ್ ಮೂರು ಸಲ ಮುನಿಸಿಕೊಂಡಿತು.

ಕೆಳಗಿನ ಮನೆಗೆ ಕಂದಾಯದ ನೋಟಿಸ್ ಬಂದಿದೆ. ಹೋದ ವರ್ಷದ ಒಂದೂವರೆ ಪಟ್ಟು. ಮನೆ ಮಾಲೀಕರು — ಅಂದರೆ ನನಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು — ಬೆಳಿಗ್ಗೆಯಿಂದ ಅಂಗಳದಲ್ಲಿ ನಿಂತು ಮನೆಯನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಫೇಲಾದ ಹುಡುಗನನ್ನು ನೋಡುವ ಹಾಗೆ. ಆ ನೋಟದ ಪರಿಚಯ ನನಗೆ ಚೆನ್ನಾಗಿದೆ.

ಹೆಂಡತಿಯ ತೀರ್ಪು: "ಕೆಳಗೆ ಬಂದ ನೋಟಿಸು ಮೆಟ್ಟಿಲು ಹತ್ತೋಕೆ ಎಷ್ಟು ಹೊತ್ತು ರೀ?"

ಜೂನ್ 5

ಮೇಷ್ಟ್ರು ನಕ್ಕರು. ಸೋರುತ್ತಿದ್ದ ನಲ್ಲಿಯನ್ನು ತಾವೇ ಬಂದು ರಿಪೇರಿ ಮಾಡಿದರು. ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಕಡಿಯುವ ಮುಂಚೆ ಕುರಿಗೆ ಸೊಪ್ಪು... ಭಾನುವಾರ ಮಾತಾಡಬೇಕಂತೆ.

ಬಾಡಿಗೆ ಏರಿದರೆ ಇಲ್ಲಿರುವುದು ಆಗದ ಮಾತು. ಗಿರಾಕಿಗಳಿಗೆ ನನ್ನ ಹೆಸರು ಗೊತ್ತಿಲ್ಲ, ಈ ಕಿಟಕಿ ಗೊತ್ತು. ಕಿಟಕಿ ಹೋದರೆ ನಾನು ಬರೀ ಸೂಜಿ ಹಿಡಿದ ಮನುಷ್ಯ.

ಹೆಂಡತಿ ಆಗಲೇ ಎರಡು ಮನೆ ನೋಡಿ ಬಂದಿದ್ದಾಳೆ. ಒಂದಕ್ಕೆ ಬೆಳಕಿಲ್ಲ. ಇನ್ನೊಂದಕ್ಕೆ ಬಾಗಿಲೇ ಇಲ್ಲ.

ಜೂನ್ 9, ಭಾನುವಾರ

ಮಾಲೀಕನ ಕಂದಾಯ ಬಾಡಿಗೆದಾರನ ತಲೆಗೆ ಬರುತ್ತದೋ ಇಲ್ಲವೋ — ದೊಡ್ಡ ದೊಡ್ಡ ಪಂಡಿತರು ತಲೆ ಕೆರೆದುಕೊಳ್ಳುವ ಪ್ರಶ್ನೆಯಂತೆ. ನಮ್ಮಲ್ಲಿ ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಬಗೆಹರಿಯಿತು.

"ನಾನೊಬ್ಬನೇ ಹೊರೋಕಾಗಲ್ಲ ಕಣಯ್ಯ. ಹೆಚ್ಚಾಗಿರೋದರಲ್ಲಿ ಅರ್ಧ ನಿನ್ನ ಬಾಡಿಗೆಗೆ ಸೇರಿಸ್ತೀನಿ."

ಪಾಪ, ಅವರಿಗೂ ಸಂಕಟ. ಸಮಾಧಾನಕ್ಕೆ ಫಾರಂ ತೋರಿಸಿದರು. ಈ ವರ್ಷದಿಂದ ಮಾಲೀಕರೇ ಮನೆ ಅಳೆದು ಬರೆದುಕೊಡಬೇಕು. ಇವರು ಎರಡೆರಡು ಸಲ ಅಳೆದರಂತೆ. ಅದೂ ನನ್ನ ಟೇಪಿನಲ್ಲೇ, ನಾನಿಲ್ಲದಾಗ ಹೆಂಡತಿಯಿಂದ ಇಸಕೊಂಡು.

ಯಾವ ಟೇಪು? ಹೆಂಡತಿಯ ಮುಖ ನೋಡಿದೆ. ಅವಳು ಫ್ಯಾನ್ ನೋಡಿದಳು.

ಹಳೆಯದು. ಹೊಸದು ಕೊಟ್ಟರೆ ವಾಪಸ್ ಬರಲ್ಲ ಅಂತ ಇವಳ ಲೆಕ್ಕ.

ಆ ಟೇಪಿನ ಮೊದಲ ಐದು ಇಂಚು ಹರಿದುಹೋಗಿ ವರ್ಷಗಳಾದವು. ನಾನು ಮನಸ್ಸಿನಲ್ಲೇ ಐದು ಕಳೆದು ಬಟ್ಟೆ ಕತ್ತರಿಸುತ್ತೇನೆ. ಮೇಷ್ಟ್ರು ಕಳೆದಿಲ್ಲ. ಅವರು ಟೇಪು ಪೂರ್ತಿ ಎಳೆದು ಐದಡಿ ಎಂದು ಗುರುತು ಹಾಕಿದ ಕಡೆಯಲ್ಲೆಲ್ಲ ಐದು ಇಂಚು ಕಮ್ಮಿ. ಉದ್ದಕ್ಕೂ ಅಗಲಕ್ಕೂ. ಕಾಗದದ ಮೇಲೆ ಮನೆ ಕೊಬ್ಬಿ, ದೊಡ್ಡ ಮನೆಗಳ ದರಕ್ಕೆ ಹೋಗಿ ಕೂತಿದೆ.

ಲೆಕ್ಕದ ಮೇಷ್ಟ್ರಿಗೆ ಲೆಕ್ಕ ತಪ್ಪಿದೆ ಎನ್ನುವುದು ಹೇಗೆ? ಖಾಲಿ ಲೋಟ ಎತ್ತಿಟ್ಟೆ. ಅವರು ಹೋದರು.

ಅದೇ ದಿನ, ಸಂಜೆ 6

"ಹೋಗಿ ಹೇಳ್ರೀ. ಈ ವಯಸ್ಸಲ್ಲಿ ಬೆಂಚಿನ ಮೇಲೆ ನಿಲ್ಲಿಸ್ತಾರಾ?"

ಹೋದೆ. ಹೇಳಿದೆ.

"ನನ್ನ ಲೆಕ್ಕ ತಪ್ಪೋದಿಲ್ಲ," ಎಂದರು. ದನಿ ಏಳನೇ ಕ್ಲಾಸಿನದು.

"ಲೆಕ್ಕ ಸರಿ ಇದೆ ಮೇಷ್ಟ್ರೇ. ಟೇಪಿಗೇ ತಲೆ ಇಲ್ಲ."

ತುದಿ ಹಿಡಿದು ನೋಡಿದರು. ಆಮೇಲೆ ಹೊಸ ಟೇಪ್ ತರಿಸಿ, ಒಂದು ತುದಿ ನನ್ನ ಕೈಗೆ ಕೊಟ್ಟು, ನಡುಮನೆಯಿಂದ ಶುರು ಮಾಡಿದರು. ಗೋಡೆ ಗೋಡೆಗೂ ಮನೆ ಕುಗ್ಗುತ್ತಾ ಬಂತು, ಮುಖ ಅರಳುತ್ತಾ ಬಂತು. ತನ್ನ ಮನೆ ಚಿಕ್ಕದೆಂದು ಇಷ್ಟು ಖುಷಿಪಟ್ಟ ಮಾಲೀಕನನ್ನು ನಾನು ಕಂಡಿಲ್ಲ.

ಜೂನ್ 24

ಮೇಷ್ಟ್ರು ಮೂರು ಸಲ ಆಫೀಸಿಗೆ ಅಲೆದರು. ಕೊನೆಗೆ ಅಲ್ಲಿಯವರೇ ಬಂದು ಅಳೆದು ಒಪ್ಪಿದರು. ಹೊಸ ಕಾಗದ ಇವತ್ತು ಬಂತು. ಮೇಷ್ಟ್ರು ಮೇಲೆ ಬಂದರು, ಕೂರಲಿಲ್ಲ.

"ದರ ಒಂಚೂರು ಏರಿದೆ. ಇರಲಿ. ಮನೆ ನನ್ನದು, ಕಂದಾಯ ನನ್ನದು. ನಿನ್ನ ಬಾಡಿಗೆ ಹಳೇದೇ."

ಮೆಟ್ಟಿಲ ಹತ್ತಿರ ತಿರುಗಿದರು. "ಪ್ರತಿ ಸಲ ಐದು ಕಳೀತೀಯಾ, ಮನಸ್ಸಲ್ಲೇ?"

"ಹೂಂ ಮೇಷ್ಟ್ರೇ."

"ಏಳನೇ ಕ್ಲಾಸಲ್ಲಿ ಎಲ್ಲಿಟ್ಟಿದ್ದೆ ಈ ಬುದ್ಧೀನ?"

ಜೂನ್ 25, ಮಧ್ಯಾಹ್ನ 2.30

ಹೆಂಡತಿ ಚಾಪೆಯ ಮೇಲೆ ಒರಗಿದವಳು ಹಾಗೇ ನಿದ್ದೆ ಹೋಗಿದ್ದಾಳೆ. ಮೂರು ವಾರದಿಂದ ಇವಳ ಕಣ್ಣು ಹೀಗೆ ಮುಚ್ಚಿದ್ದನ್ನು ಕಂಡಿರಲಿಲ್ಲ. ಸಣ್ಣಗೆ ಗೊರಕೆ. ಎದ್ದ ಮೇಲೆ ಹೇಳಿದರೆ ಒಪ್ಪುವುದಿಲ್ಲ.

ನಾಲ್ಕು ಗಂಟೆಗೆ ಎರಡು ಶರ್ಟ್ ಕೊಡಬೇಕು. ಮಷಿನ್ ತುಳಿದರೆ ಎದ್ದುಬಿಡುತ್ತಾಳೆ. ಕಾಲು ತೆಗೆದು ಕೂತಿದ್ದೇನೆ.

ಕೆಳಗೆ ಯಾರೋ ಕೂಗುತ್ತಿದ್ದಾರೆ. ಶರ್ಟಿನವರೇ ಇರಬೇಕು. ಮೆಲ್ಲಗೆ ಹೋಗಿ, ನಾಳೆ ಬನ್ನಿ ಅಂತ ಕೈಸನ್ನೆ ಮಾಡಿ ಬರುತ್ತೇನೆ.