ಕಾರಿನಡಿಯ ಎರಡು ಕಾಲು

ರೀ,

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ನಿಮ್ಮ ಅಂಗಿ ಎರಡು ಸಲ ಒಗೆದರೂ ಆಯಿಲ್ ಕಲೆ ಹೋಗಲಿಲ್ಲ. ಇನ್ನು ಕಾರಿನ ಕೆಲಸಕ್ಕೆ ಅದನ್ನೇ ಹಾಕಿಕೊಳ್ಳಿ.

ನಿನ್ನೆ ಅಡುಗೆಮನೆ ಕಿಟಕಿಯಿಂದ ನೋಡಿದರೆ ಕಾರಿನಡಿಯಲ್ಲಿ ನಿಮ್ಮ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಮೂರು ಸಲ ಕೂಗಿದೆ. ಓಗೊಡಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರಿಪೇರಿ ಪಾಠ ಕೇಳುತ್ತಿದ್ದಿರಿ! ಕಾರು ನಿಂತಿದ್ದದ್ದು ಒಂದು ಜಾಕಿನ ಮೇಲೆ, ಆಸರೆಗೆ ನಾಲ್ಕು ಇಟ್ಟಿಗೆ. "ಏನೂ ಆಗಲ್ಲ ಕಣೇ" ಅಂದಿರಿ. ಇಟ್ಟಿಗೆ ನಿಮ್ಮ ಮಾತು ಕೇಳುತ್ತದೆಯೇ?

ಕಲಿಯಬೇಡಿ ಎನ್ನುವುದಿಲ್ಲ. ಅದು ನಮ್ಮ ಮದುವೆಗಿಂತ ಹಳೆಯ ಕಾರು, ಅವಸರ ಮಾಡಿದರೆ ಬಗ್ಗುವುದಿಲ್ಲ. ಇವತ್ತು ಬಾನೆಟ್ ತೆರೆದು, ಆಯಿಲ್ ಅಳೆಯುವ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಿ. ನಿಂತುಕೊಂಡೇ ಕಲಿಯುವುದು ಬೇಕಾದಷ್ಟಿದೆ. ಸಂಜೆ ಬರುವಾಗ ಅಣ್ಣನ ಗ್ಯಾರೇಜಿನಿಂದ ಇಟ್ಟಿಗೆ ಬದಲು ಇಡಲು ಕಬ್ಬಿಣದ ಸ್ಟ್ಯಾಂಡು ತರುತ್ತೇನೆ.

ಜಾಕು ಎತ್ತುವ ರಾಡು ಹುಡುಕಬೇಡಿ, ನನ್ನ ಚೀಲದಲ್ಲಿದೆ. ಎರಡು ಬಸ್ಸು ಬದಲಿಸಬೇಕು, ಭುಜ ಈಗಲೇ ನೋಯುತ್ತಿದೆ. ಆದರೂ ಹೊತ್ತುಕೊಂಡೇ ಹೋಗುತ್ತೇನೆ. ಇವತ್ತೊಂದು ದಿನ ನಾನು ಆಫೀಸಿನಲ್ಲಿ ನೆಮ್ಮದಿಯಾಗಿ ಕೆಲಸ ಮಾಡಬೇಕು.