ಎಮ್ಮೆಗೆ ಹಾಕಬಾರದ ಬಳ್ಳಿ

ಧಾರವಾಡ, ಬುಧವಾರ

ಅತ್ತಿಗೆಗೆ ನಮಸ್ಕಾರ. ಕಾರ್ಡು ಕೈಯಲ್ಲಿ ಹಿಡಿದೇ ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಪಕ್ಕದ ಕೆಂಪು ಗೆಣಸಿನ ಬಳ್ಳಿ ಇದೆಯೇ ನೋಡಿ.

ಇಲ್ಲಿ ಫಾರ್ಮಿನಲ್ಲಿ ಊರೂರಿನ ಗೆಣಸು ತರಿಸಿ ನೆಟ್ಟು, ಒಂದರ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ ಹೊಸ ತಳಿ ಮಾಡುತ್ತಾರೆ. ಬಂದವುಗಳಲ್ಲಿ ಹುಳ ಬೀಳದ್ದು ನಮ್ಮದೊಂದೇ. ಅಂಕೋಲೆಯಿಂದ ನಾನು ತಂದ ಬುಟ್ಟಿಯನ್ನು ಫಾರ್ಮಿನ ಅಡುಗೆಮನೆಯ ಜಗಲಿಯಲ್ಲಿ ನೆರಳಿಗಿಟ್ಟಿದ್ದೆ, ಇವತ್ತು ನೆಡುವುದಿತ್ತು.

ನಿನ್ನೆ ಏಕಾದಶಿ. ಎಲೆಗೆ ಬಡಿಸಿದ ಗೆಣಸಿನ ಹೋಳು ಬಾಯಿಗಿಟ್ಟರೆ ನಮ್ಮ ಮನೆಯದೇ ರುಚಿ! ಉಳಿದದ್ದನ್ನು ನೋಡಿದೆ, ಒಳಗೆ ನಮ್ಮ ಗೆಣಸಿನದೇ ನೇರಳೆ ಉಂಗುರ. ಎದ್ದು ಅಡುಗೆಮನೆಗೆ ಓಡಿದೆ. ಅಡುಗೆಯ ಕಾಶೀಬಾಯಿ, "ಬುಟ್ಟ್ಯಾಗ ಛಲೋ ಗೆಣಸು ಕಂಡ್ವು, ಉಪಾಸಕ್ಕ ಆತು ಅಂತ ಎಲ್ಲಾ ಕುದಿಸಿಬಿಟ್ಟೆರಿ" ಎಂದರು.

ಸಾಹೇಬರು ಯಜ್ಞೇಶ್ವರರಾಯರು ಸಿಟ್ಟಾಗಲಿಲ್ಲ, ಅದೇ ನನಗೆ ಹೆದರಿಕೆ. "ನಿಮ್ಮ ಊರಾಗರ ಬಳ್ಳಿ ಉಳದದೇನ್ರಿ? ಇದ್ದರ ಲಗೂ ತರಸ್ರಿ" ಎಂದರು. ಇದೆ ಎಂದುಬಿಟ್ಟೆ.

ಆದರೆ ನಾಡಿದ್ದೇ ಶಿವರಾತ್ರಿ. ಈ ಸಲ ಹಬ್ಬದ ಉಪವಾಸಕ್ಕೆ ಈ ಕೆಂಪು ಗೆಣಸನ್ನು ಪೂರಾ ಕಿತ್ತು ದಪ್ಪನೆಯ ಬಿಳಿ ಗೆಣಸು ಹಾಕುತ್ತೇನೆ ಎಂದಿದ್ದಿರಿ. ಗೆಣಸು ಅಗೆದು ತಿನ್ನಿ, ಬೇಡವೆನ್ನುವುದಿಲ್ಲ. ಬಳ್ಳಿ ಮಾತ್ರ ಒದ್ದೆ ಗೋಣಿಯಲ್ಲಿ ಸುತ್ತಿ ಹುಬ್ಬಳ್ಳಿ ಮೋಟಾರಿಗೆ ಕೊಡಿ, ಹುಬ್ಬಳ್ಳಿ ಸ್ಟ್ಯಾಂಡಿಗೇ ಬಂದು ಕಾಯುತ್ತೇನೆ.

ನನ್ನ ಕೆಮ್ಮು ನಿಂತಿದೆಯೆಂದು ಅಣ್ಣನಿಗೆ ಹೇಳಿ. ಟಪಾಲಿನವ ಚೀಲ ಕಟ್ಟುತ್ತಿದ್ದಾನೆ.

ನಿಮ್ಮ ಮೈದುನ
ಬೀರಣ್ಣ

ಬಳ್ಳಿಯನ್ನು ಆಗಲೇ ಎಮ್ಮೆಯ ಮುಂದೆ ಹಾಕಿದ್ದರೆ, ಅದರ ಬಾಯಿಂದ ಎಳೆದುಕೊಳ್ಳಿ. ಒಂದು ಗೇಣು ಉಳಿದರೂ ಸಾಕು.